ಸುಣ್ಣದಡಿಯ ಹನ್ನೊಂದು ತಿಂಗಳು

ಮಾನಮ್ಮ ಕೋಂ ದಿವಂಗತ ಭಗವಂತರಾಯ, ವಯಸ್ಸು 47, ಕಸುಬು ಕಟ್ಟಡದ ಕಾವಲು, ಸ್ವಂತ ಊರು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕು, ಹಾಲಿ ವಾಸ ಕೆ.ಆರ್.ಪುರದಲ್ಲಿ ಗಗನತಾರಾ ನೆಲೆ ಕಂಪನಿಯ ಅರ್ಧಕ್ಕೆ ನಿಂತ ಕಟ್ಟಡದ ತಗಡಿನ ಶೆಡ್ಡು, ಆದ ನಾನು ಈ ದಿನ ಠಾಣೆಗೆ ಬಂದು ಹೇಳಿ ಬರೆಸುವುದೇನೆಂದರೆ:

ನಾನು ಆರು ವರ್ಷದಿಂದ ಸದರಿ ಕಟ್ಟಡ ಕಾಯುತ್ತಿದ್ದೇನೆ. ನನಗೆ ಓದು ಬರಹ ಬಾರದು. ಕಾವಲು ಕಾಯ್ದ ದಿನಕ್ಕೊಂದು ಗೀಟನ್ನು ನೆಲಮಹಡಿಯ 3ನೇ ನಂಬರ್ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಎಳೆಯುತ್ತಿದ್ದೆ. ತಿಂಗಳ ಕೊನೆಗೆ ಸೂಪರ್‌ವೈಸರ್ ಅದನ್ನು ಎಣಿಸಿ, ಹಾಜರಿ ಪುಸ್ತಕದಲ್ಲಿ ಬರೆದುಕೊಂಡು ಸಂಬಳ ಕೊಡುತ್ತಿದ್ದರು. 2024ರ ಜನವರಿಯಿಂದ ಸಂಬಳ ನಿಂತಿತು. ನನ್ನ ಗೀಟು ನಿಲ್ಲಲಿಲ್ಲ. ನವೆಂಬರ್ ಕೊನೆಗೆ ಕಂಪನಿಯ ದಿವಾಳಿ ಪ್ರಕರಣ ಶುರುವಾಗಿ, ಯಾರಿಗೆ ಎಷ್ಟು ಬರಬೇಕೆಂದು ನೋಡಲು ಅಮೃತಪ್ಪ ಎಂಬ ಅಧಿಕಾರಿ ಬಂದರು. ಸೂಪರ್‌ವೈಸರ್ ಅಷ್ಟರಲ್ಲಿ ಪುಸ್ತಕದ ಸಮೇತ ನಾಪತ್ತೆ. ಪುರಾವೆ ಇಲ್ಲದೆ ಹನ್ನೊಂದು ತಿಂಗಳ ಸಂಬಳವನ್ನು ಪಟ್ಟಿಗೆ ಸೇರಿಸಲಾಗದು, ಇದೇ ಫೆಬ್ರವರಿ 24ರ ಸೋಮವಾರ ಬಂದು ಗೋಡೆಯ ಫೋಟೋ ತೆಗೆದುಕೊಳ್ಳುತ್ತೇನೆ ಎಂದು ಅಮೃತಪ್ಪನವರು ತಿಳಿಸಿದ್ದರು.

3ನೇ ನಂಬರ್ ಮನೆಗೆ ದುಡ್ಡು ಕಟ್ಟಿದವರು ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮಂಜೂರ್ ಮತ್ತು ಅವರ ಹೆಂಡತಿ ವಾಜಿದಾ. ಅವರ ಹೆಸರೂ ಅದೇ ಪಟ್ಟಿಯಲ್ಲಿದೆ. ಹೆಚ್ಚುಕಡಿಮೆ ಪ್ರತಿ ಭಾನುವಾರ ಬಂದು, ಬರೀ ನೆಲದ ಮೇಲೆ ಕೂತು, ಫ್ಲಾಸ್ಕಿನ ಚಹಾ ಕುಡಿದು, ನನಗೂ ಒಂದು ಲೋಟ ಕೊಟ್ಟು ಹೋಗುತ್ತಾರೆ. ಒಳ್ಳೆಯ ಜನ.

ಈ ದಿನ ಬೆಳಿಗ್ಗೆ 9.10ಕ್ಕೆ ಅವರಿಗೆ ಗೇಟು ತೆಗೆದುಕೊಟ್ಟು, ದಿನಸಿ ತರಲು ಸುಮಾರು 800 ಮೀಟರ್ ದೂರದ ಅಂಗಡಿಗೆ ಹೋದೆನು. 10.25ಕ್ಕೆ ವಾಪಸು ಬಂದಾಗ ಗೋಡೆ ಪೂರ್ತಿ ಬೆಳ್ಳಗಿತ್ತು. ವಾಜಿದಾ ನಗುತ್ತಲೇ, “ಬಾ ಮಾನಮ್ಮಾ, ನೋಡು. ಮುಂದಿನ್ ವಾರ ರಂಜಾನ್ ಅಲ್ವಾ? ಪ್ರತಿ ವರ್ಷ ಬಾಡಿಗೆ ಮನೆಗೇ ಸುಣ್ಣ ಹೊಡೀತಿದ್ವಿ. ಈ ಸಲ ನಮ್ ಮನೆಗೇ ಹೊಡೆದ್ಬಿಟ್ವಿ” ಎಂದರು.

ನಾನು “ನನ್ನ ದುಡಿಮಿ ಅಳಿಸಿಬಿಟ್ರಲ್ಲ!” ಎಂದು ಕಿರುಚಿ, ಸುಣ್ಣದ ಬ್ರಷ್ಷು ಕಿತ್ತುಕೊಂಡು ಎಸೆದೆನು. ಅದು ಮಂಜೂರ್ ಸಾಹೇಬರ ಭುಜಕ್ಕೆ ಬಿತ್ತು. ಅದು ನನ್ನ ತಪ್ಪು. ಕೂಗಾಟ ಕೇಳಿದ ದಾರಿಹೋಕರು 112ಕ್ಕೆ ಫೋನ್ ಮಾಡಿದರು.

ಗೀಟಿನ ವಿಷಯ ನನ್ನಿಂದ ತಿಳಿದ ವಾಜಿದಾ ತಮ್ಮ ದುಪಟ್ಟಾವನ್ನೇ ಒದ್ದೆ ಮಾಡಿ ಗೋಡೆ ಒರೆಸಿದರು. ಸುಣ್ಣದ ಜೊತೆ ಇದ್ದಿಲೂ ಕಲೆತು ಇಳಿಯಿತು. ಕೆಲಸದವರ ಮಕ್ಕಳು ಗೀಚಿದ್ದೆಂದು ತಿಳಿದಿದ್ದೆವು ಎಂದು ಹೇಳಿ ಅಲ್ಲೇ ಕುಸಿದು ಅತ್ತರು. ಇಷ್ಟು ವರ್ಷ ಅದೇನೆಂದು ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಆಗ ಮಂಜೂರ್ ಸಾಹೇಬರು ಫೋನ್ ತೆಗೆದರು. ಕೆಲಸ ಮುಂದೆ ಹೋಗಿದೆಯೇ ಎಂದು ಉಳಿದ ಮನೆಯವರಿಗೆ ತೋರಿಸಲು ವಾರವಾರ ಫೋಟೋ ಹಿಡಿಯುತ್ತಿದ್ದರಂತೆ. ಆ ಹನ್ನೊಂದು ತಿಂಗಳವು 43 ಫೋಟೋ ಇದ್ದವು. ಎಲ್ಲದರಲ್ಲೂ ಅದೇ ಗೋಡೆ. ಬಾಗಿಲು ಬಂದಿಲ್ಲ, ಕಿಟಕಿ ಬಂದಿಲ್ಲ. ವಾರದಿಂದ ವಾರಕ್ಕೆ ಆ ಕಟ್ಟಡದಲ್ಲಿ ಹೆಚ್ಚಿದ್ದು ನನ್ನ ಗೀಟು ಮಾತ್ರ.

ಆದ್ದರಿಂದ ಅವರ ಮೇಲೆ ನನ್ನ ದೂರು ಇಲ್ಲ. ಬ್ರಷ್ಷಿನ ಬಗ್ಗೆ ಅವರದೂ ಇಲ್ಲವೆಂದು ನನ್ನೆದುರೇ ಹೇಳಿದ್ದಾರೆ. ನನ್ನ ಕೋರಿಕೆ ಒಂದೇ. ಇದನ್ನು ಬರೆಯುತ್ತಿರುವ ದಿವ್ಯ ಮೇಡಂ ಮೊದಲು ನನ್ನ ಕಸುಬು ಮನೆಗೆಲಸ ಎಂದು ಬರೆದಿದ್ದರು. ನಾನು ಹೇಳಿ, ಹೊಡೆದುಹಾಕಿಸಿ, ಕಟ್ಟಡದ ಕಾವಲು ಎಂದು ಬರೆಸಿದ್ದೇನೆ. ನನ್ನ ಕೆಲಸದ ಹೆಸರಿರುವ ಸರ್ಕಾರಿ ಕಾಗದ ಈ ಆರು ವರ್ಷದಲ್ಲಿ ಇದೊಂದೇ. ಠಾಣೆಯ ಮೊಹರು ಹಾಕಿ ಇದರ ಒಂದು ಪ್ರತಿ ನನಗೆ ಕೊಡಬೇಕು. ನಾಳೆ 11 ಗಂಟೆಗೆ ಅಮೃತಪ್ಪನವರು ಬರುತ್ತಾರೆ.

ಮೇಲಿನದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಕೆ.ಆರ್.ಪುರ
ದಿನಾಂಕ: 23-02-2025

ಮಾನಮ್ಮ, ಎಡಗೈ ಹೆಬ್ಬೆಟ್ಟಿನ ಗುರುತು