ಕ್ರಾಯೆನ್‌ಬ್ರೂಕ್ ಅಂದರೆ ಕಾಗೆಗಳ ಜೌಗು

"ಹಲೋ? … ಹಾಂ, ಫೆನ್ನಾನೇ. ಯಾರು ಮಾತಾಡ್ತಿರೋದು? … ಜೋರಾಗಿ ಹೇಳಿ, ಇಲ್ಲಿ ಗಾಳಿ."

ಊರಬಾಗಿಲಲ್ಲಿ, ಕ್ರಾಯೆನ್‌ಬ್ರೂಕ್ ಎಂದು ಬರೆದಿದ್ದ ಹಳೆಯ ನಾಮಫಲಕಕ್ಕೆ ಒತ್ತಿಕೊಂಡಂತೆ ಟ್ರ್ಯಾಕ್ಟರ್ ನಿಲ್ಲಿಸಿ ಫೆನ್ನಾ ಅದರ ಮೇಲೆ ಕೂತಿದ್ದಳು. ಲಾರಿಯಲ್ಲಿ ಬಂದಿದ್ದ ಪುರಸಭೆಯ ಆಳುಗಳಿಬ್ಬರು ಪಕ್ಕದಲ್ಲೇ ಹೊಸ ಫಲಕಕ್ಕೆ ಗುಂಡಿ ತೋಡುತ್ತಿದ್ದರು.

"… ಯಾರು, ಪುರಸಭೆ ಸದಸ್ಯರಾ? ಹಾರ್ಮ್ ವೆನ್ಸಿಂಕ್? ನಮ್ಮ ರೂಲೋಫ್ ಮೇಷ್ಟ್ರ ಮಗ ಹಾರ್ಮಾ? … ಮತ್ತೆ ಈ 'ತಾವು' ಗೀವು ಯಾಕೋ? ನಮ್ಮ ಕೊಟ್ಟಿಗೇಲಿ ಹಾಲು ಕುಡಿದು ಬೆಳೆದೋನು ನೀನು."

"… ಇಲ್ಲ. ಟ್ರ್ಯಾಕ್ಟರ್ ತೆಗೆಯಲ್ಲ ಅಂದ್ರೆ ತೆಗೆಯಲ್ಲ. ಈ ಹಳೇ ಫಲಕ ಕೀಳೋಕೆ ಬಿಡಲ್ಲ."

"… ಏನು, ಹೆಸರು ಕೇಳಿದ್ರೆ ಜನ ನಗ್ತಾರಾ? ಕಾಗೆಚಡ್ಡಿ ಅಂತಾರಾ? ನಗಲಿ ಬಿಡೋ! ಬ್ರೂಕ್ ಅಂದ್ರೆ ಈಗಿನೋರಿಗೆ ಚಡ್ಡಿ. ಊರು ಕಟ್ಟಿದೋರಿಗೆ ಜೌಗು. ನಿಮ್ಮಪ್ಪನೇ ಅಲ್ವಾ ಶಾಲೇಲಿ ಹೇಳಿಕೊಟ್ಟಿದ್ದು?"

"… ಝೊನ್ನೆಹೋಫ್. ಹಾಂ, ಇಲ್ಲೇ ಬಿದ್ದಿದೆ ನಿನ್ನ ಹೊಸ ಹೆಸರಿನ ಫಲಕ, ಓದಿದೆ. ಬಿಸಿಲಂಗಳವಂತೆ! ಇಲ್ಲಿ ಬಿಸಿಲು ಕಂಡೋರು ಯಾರೋ?"

"… ಹಳೇ ಹೆಸರಾದ್ರೆ ಏನಂತೆ? ಪಕ್ಕದೂರು ಹೆರ್ಟೆಲೋ ಹೆಸರೂ ಹಳೇದಲ್ವಾ? ಲೋ ಅಂದ್ರೆ ಕಾಡು, ಜಿಂಕೆಗಳ ಕಾಡು. ಈಗಲ್ಲಿ ಜಿಂಕೇನೂ ಇಲ್ಲ, ಕಾಡೂ ಇಲ್ಲ, ಪೆಟ್ರೋಲ್ ಬಂಕ್ ಇದೆ. ಅದನ್ನ ಮುಟ್ಟಲ್ಲ. ನಮ್ಮಲ್ಲಿ ಕಾಗೇನೂ ಇದೆ, ಜೌಗೂ ಇದೆ, ಹೆಸರು ಮಾತ್ರ ಇರಬಾರದು!"

"… ಹಾಂ, ಈಗ ಬಾಯಿ ಬಿಟ್ಟೆ ನೋಡು. ಜೌಗು ಅಂದ್ರೆ ಹೊಸ ಮನೆಗಳು ಮಾರಾಟ ಆಗಲ್ಲ, ಅಲ್ವಾ? … ಹಾರ್ಮ್, ಎಳೇ ಕೂಸುಗಳನ್ನ ಎತ್ತಿಕೊಂಡು ಬರ್ತಾರೆ ಕಣೋ ಆ ಮನೆಗಳಿಗೆ. ಈ ಹೆಸರು ನೋಡಿದ್ರೆ 'ನೆಲ ಹೇಗಿದೆ' ಅಂತ ಒಂದು ಮಾತಾದ್ರೂ ಕೇಳ್ತಾರೆ. ಅದನ್ನೂ ಕಿತ್ಕೊಳ್ತೀಯಾ?"

ಗುಂಡಿ ತೋಡುತ್ತಿದ್ದವನು ಬೈದುಕೊಂಡು ಹಿಂದಕ್ಕೆ ಹಾರಿದ. ಮೊಣಕಾಲುದ್ದ ತೋಡುವಷ್ಟರಲ್ಲೇ ಕಪ್ಪು ನೀರು ಉಕ್ಕಿತ್ತು. ಮೊದಲ ಗುಂಡಿಯಲ್ಲಿ ಆಗಷ್ಟೇ ನಿಲ್ಲಿಸಿದ್ದ ಕಂಬ ನಿಧಾನವಾಗಿ ವಾಲಿ ಹುಲ್ಲಿನ ಮೇಲೆ ಮಲಗಿತು.

"ತಡಿ ತಡಿ … ನಿನ್ನ ಕಂಬ ಬಿತ್ತು! … ನಾನಲ್ಲಪ್ಪಾ, ನಾನು ಮೇಲೆ ಕೂತಿದೀನಿ. ನೀರು! … ಹಾಂ, ನೀರೇ. ನಿನ್ನ ಆಳುಗಳನ್ನೇ ಕೇಳು."

"… ಪೊಲೀಸಾ? ಕಳಿಸು. ನನ್ನನ್ನ ಇಳಿಸೋಕೆ ನಾಲ್ಕು ಜನ ಬೇಕು ಅಂತ ಹೇಳು. … ಹಾರ್ಮ್, ಒಂದು ಮಾತು. ಮೇಷ್ಟ್ರು ಇದ್ದಿದ್ರೆ ಇವತ್ತು ಎಲ್ಲಿ ಕೂತಿರ್ತಿದ್ರು? ನಿನ್ನ ಆಫೀಸಲ್ಲಾ, ನನ್ನ ಪಕ್ಕದಲ್ಲಾ? … ಹೇಳೋ."

"… ಏನಂದೆ? ನಿನ್ನ ಆಳುಗಳಿಗೆ ನಾನು ಹೇಳಬೇಕಾ? ಹೊಸ ಫಲಕ ವಾಪಸ್ ತರೋಕಾ? … ಇವತ್ತಿಗೆ ಮಾತ್ರವಾ? ಆಗಲಿ. ನಾಳೆ ಬರಲಿ, ನಾಡಿದ್ದು ಬರಲಿ, ನಾನು ಇಲ್ಲೇ … ಹಲೋ? ಹಾರ್ಮ್? …"

ಲೈನು ಕಡಿದಿತ್ತು. ಫೆನ್ನಾ ಫೋನನ್ನು ಜೇಬಿಗಿಳಿಸಿ, ಆಳುಗಳತ್ತ ತಿರುಗಿ ಲಾರಿಯ ಕಡೆ ಕೈ ತೋರಿದಳು.