ಒಣದ್ರಾಕ್ಷಿ ಲಾರಿ ತಡೆದದ್ದು

ಅವತ್ತು ಅಕ್ಕ ಆಫೀಸಿಂದ ಹೊರಟಾಗ ಕತ್ತಲು ಗವ್ವಂತಿತ್ತು. ಗೋದಾಮಿನ ಹಿಂದೆ ಒಂದು ಹಾಳು ಬಾವಿ... ಮೇಲೆ ಕಬ್ಬಿಣದ ಜಾಲರಿ. ಮನೆಗೆ ಅದೇ ದಾರಿ.

ಅಕ್ಕ ಅಂದ್ರೆ ನಮ್ಮ ದೊಡ್ಡಪ್ಪನ ಮಗಳು. ಬಂದರಿನ ಸರ್ಕಾರಿ ಆಫೀಸಲ್ಲಿ ಕೆಲಸ. ಹೊರದೇಶದ ಕಾಳು, ಹಣ್ಣಲ್ಲಿ ಕೀಟನಾಶಕ ಉಳಿದಿದೆಯಾ ಅಂತ ನೋಡೋದು. ಎಲ್ಲಾನೂ ಲ್ಯಾಬಿಗೆ ಕಳಿಸೋಕಾಗುತ್ತಾ? ಮಾಲು ಕಳಿಸಿದವರ ಹಿಂದಿನ ಚರಿತ್ರೆ ನೋಡಿ ಕಂಪ್ಯೂಟರೇ ಹೇಳುತ್ತೆ... ಇದನ್ನ ಬಿಡಿ, ಇದನ್ನ ತಡೀರಿ ಅಂತ.

ಆ ಸಂಜೆ ಬಂದದ್ದು ಒಂದು ಲಾರಿ ಒಣದ್ರಾಕ್ಷಿ. ಶಾಲೆ ಮಕ್ಕಳಿಗೆ ಹೋಗೋ ಮಾಲು. ಕಂಪ್ಯೂಟರು ಬಿಡಿ ಅಂತು. ಡಬ್ಬ ಬಿಚ್ಚಿದಾಗ ಅಕ್ಕನಿಗೆ ಮಾತ್ರ ಏನೋ ಘಾಟು.

"ಕಂಪ್ಯೂಟರಿಗಿಂತ ನಿನ್ನ ಮೂಗು ದೊಡ್ಡದೇನಮ್ಮ?" ಅಂದ್ರು ಸಾಹೇಬ್ರು. ಎಲ್ಲರೂ ಗೊಳ್ಳಂತ ನಕ್ಕರು. ಅಕ್ಕ ತೆಪ್ಪಗೆ 'ಬಿಡುಗಡೆ' ಬಟನ್ ಒತ್ತಿದಳು. ಬೆಳಗ್ಗೆ ಲಾರಿ ಹೊರಡೋದು ಅಂತಾಯ್ತು.

ಬಾವಿ ಹತ್ತಿರ ಬಂದಾಗ... ಖೊಕ್. ಖೊಕ್, ಖೊಕ್.

ಒಣ ಕೆಮ್ಮು. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು. ಅಕ್ಕನ ಕಾಲು ನಿಂತೇ ಹೋಯ್ತು. ಆ ಕೆಮ್ಮು ಲ್ಯಾಬಿನ ಮಾವನದು. ಇಡೀ ಆಫೀಸೇ ಅವರನ್ನ ಮಾವ ಅಂತಿತ್ತು. ಅಕ್ಕನಿಗೆ ಕೆಲಸ ಕಲಿಸಿದವರು. ಸ್ಯಾಂಪಲ್ ರುಬ್ಬೋ ಮಿಕ್ಸಿ ಜಾರನ್ನ ದಿನಾ ಬೆಳಗ್ಗೆ ತಾವೇ ತೊಳೆದು ಬೋರಲು ಹಾಕೋರು. ತೀರಿಕೊಂಡು ವರ್ಷ ಆಗಿತ್ತು... ಅಕ್ಕನೇ ಹೋಗಿ ಮುಖ ನೋಡಿ ಬಂದಿದ್ದಳು.

"ಮಗಳೇ..." ಜಾಲರಿ ಕೆಳಗಿಂದ ಪಿಸುದನಿ. "ತಡಿ."

"ಮಾವ?"

"ತಡಿ..."

"ನಿಂತೇ ಇದೀನಲ್ಲ ಮಾವ," ಅಂದಳಂತೆ.

ಜಾಲರಿ ಕಿರ್ರ್ ಅಂತು.

"ನಿನ್ನನ್ನಲ್ಲ."

ಅಕ್ಕ ಮನೆ ಕಡೆ ಓಡಲಿಲ್ಲ. ಆಫೀಸಿಗೇ ಓಡಿದಳು. ವಾಚ್‌ಮನ್ ಗಾಬರಿಯಾದ. "ಏನಾಯ್ತು ಮೇಡಂ?"

"ಬೀಗ ತೆಗಿಯಪ್ಪಾ... ಬೇಗ."

ಕಂಪ್ಯೂಟರಲ್ಲಿ 'ಬಿಡುಗಡೆ'ಯನ್ನ 'ತಡೆ' ಮಾಡಿದಳು. ಕಾರಣ ಏನು ಅಂತ ಅದು ಕೇಳ್ತು. ಏನಂತ ಬರೀತಾಳೆ? 'ವಾಸನೆ' ಅಂತಷ್ಟೇ ಹೊಡೆದಳು. ಲಾರಿಯಿಂದ ಒಂದಿಷ್ಟು ದ್ರಾಕ್ಷಿ ತೆಗೆದು, ಕವರಿಗೆ ಸೀಲು ಹಾಕಿ, ಲ್ಯಾಬಿನ ಫ್ರಿಜ್ಜಲ್ಲಿಟ್ಟಳು. ಲ್ಯಾಬಿಗೆ ಬೀಗ ಜಡಿದು, ಇದ್ದ ಒಂದೇ ಕೀ ತಾನೇ ಇಟ್ಟುಕೊಂಡಳು.

ಮರುದಿನ ಸಾಹೇಬ್ರು ಕೆಂಡಾಮಂಡಲ. "ಯಾರನ್ನ ಕೇಳಿ ತಡೆದೆ? ನಿನ್ನ ಕೆಲಸ ಉಳಿಯಲ್ಲ, ನೋಡ್ತಿರು!"

"ಲ್ಯಾಬ್ ಏನೂ ಇಲ್ಲ ಅಂದ್ರೆ ನಾನೇ ಬಿಟ್ಟು ಹೋಗ್ತೀನಿ ಸಾರ್," ಅಂದಳು ಅಕ್ಕ.

ಲ್ಯಾಬ್ ರಿಪೋರ್ಟ್ ಬಂತು. ಇರಬಹುದಾದ್ದಕ್ಕಿಂತ ಎಷ್ಟೋ ಪಟ್ಟು ವಿಷ. ಮಾಲು ಬಂದ ದಾರಿಗೇ ವಾಪಸ್ ಹೋಯ್ತು. ಸಾಹೇಬ್ರು ಆಮೇಲೆ ಅಕ್ಕನ ಮೂಗಿನ ಸುದ್ದಿ ಎತ್ತಿಲ್ಲ.

ನಗ್ತೀರಾ? ನಗಿ. ನಾನೂ ನಕ್ಕಿದ್ದೆ. ಅಕ್ಕ ಸುಳ್ಳು ಹೇಳೋಳಲ್ಲ... ನಡೆದದ್ದೇ ಇದು. ಒಂದು ಮಾತು ಬಿಟ್ಟೆ. ಲಾರಿ ತಡೆದ ಮರುದಿನ ಬೆಳಗ್ಗೆ ಲ್ಯಾಬಿನ ಬೀಗ ತೆಗೆದವಳೂ ಅಕ್ಕನೇ. ಫ್ರಿಜ್ಜಲ್ಲಿ ಕವರು ಹಾಗೇ ಇತ್ತು, ಸೀಲು ಒಡೆದಿರಲಿಲ್ಲ. ಸಿಂಕಿನ ಪಕ್ಕ, ಸ್ಯಾಂಪಲ್ ರುಬ್ಬೋ ಮಿಕ್ಸಿ ಜಾರು ಯಾರೋ ತೊಳೆದು ಬೋರಲು ಹಾಕಿದ್ದರು.

ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.