ಕಾರ್ಡಿನ ಕೆಳಗೆ ಎರಡು ಬೆರಳು ಜಾಗ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಸಹಕಾರ ಸಂಘದ ಗುಮಾಸ್ತ ಕೊಟ್ರಪ್ಪನವರೇ, ಯಲಬುರ್ಗಾ ತಾಲೂಕಿನ ಊರೂರಿನಿಂದ ಬಂದು ಬಾಗಿಲವರೆಗೂ ನಿಂತಿರುವ ಸಭಿಕರೇ,

ಎರಡು ವರ್ಷದ ಹಿಂದೆ, ಎಂಬತ್ನಾಲ್ಕನೇ ಇಸವಿಯಲ್ಲಿ, ಇದೇ ಸಂಘದ ಕಾರ್ಯದರ್ಶಿಯಾಗಿ ನಾನು ನಿವೃತ್ತನಾದೆ. ಅಂದು ಮುಂದಿನ ಎರಡು ಬೆಂಚು ಮಾತ್ರ ತುಂಬಿದ್ದವು. ಸಂತೆಯ ದಿನವಾಗಿತ್ತು ಎಂದರು. ಇಂದೂ ಸಂತೆಯೇ. ಇರಲಿ ಬಿಡಿ.

ಕೊಟ್ರಪ್ಪನವರು ಸದಸ್ಯರನ್ನು ಸಭೆಗೆ ಕರೆದು ಕಳಿಸುವ ಕಾರ್ಡನ್ನು ಎಲ್ಲರೂ ಹೊಗಳಿದಿರಿ. ಆ ಕಾರ್ಡಿನ ಒಕ್ಕಣೆ ಯಾರದು? ನನ್ನದು. 'ತಾವು ದಿನಾಂಕ ಇಂಥದರಂದು ಸಂಘದ ಸಭೆಗೆ ತಪ್ಪದೇ ಹಾಜರಾಗತಕ್ಕದ್ದು.' ಮೂರು ದಿನ ಕೂತು ಬರೆದು, ಸ್ಟೆನ್ಸಿಲ್ ಕೊರೆಸಿ, ಸೈಕ್ಲೋಸ್ಟೈಲ್ ಮಾಡಿಸಿದೆ. ಹೆಸರು, ತಾರೀಖು ತುಂಬುವುದಷ್ಟೇ ಇವರ ಕೆಲಸ. ಇವರು ಕೆಳಗೆ ಉಳಿದ ಎರಡು ಬೆರಳು ಜಾಗದಲ್ಲಿ ಕೈಯಿಂದ ಒಂದು ಸಾಲು ಸೇರಿಸಿದರು. ಒಬ್ಬರಿಗೆ 'ಮೊಣಕಾಲ ನೋವು ಹ್ಯಾಂಗೈತಿ?', ಇನ್ನೊಬ್ಬರಿಗೆ 'ಮಗಳ ಬಾಣಂತನ ಛಲೋ ಆತೇನು?' ಜನ ಸಭೆಗೆ ನುಗ್ಗಿದರು. ಬಂದವರು ಕೇಳುತ್ತಿದ್ದುದು ನನ್ನನ್ನೇ: "ಕೊಟ್ರಪ್ಪ ಎಲ್ಲಿ ಅದಾನ್ರಿ?"

ಹೊಟ್ಟೆಕಿಚ್ಚು ಎನ್ನುವಿರಾ? ಹೌದು, ಹೊಟ್ಟೆಕಿಚ್ಚೇ. ಸಂಘದ ಕಾರ್ಡಿನಲ್ಲಿ ಮನೆ ಮಾತು ಸಲ್ಲದು ಎಂದು ಲಿಖಿತ ಆದೇಶ ಕೊಟ್ಟೆ. ಆ ವರ್ಷ ಸಭೆಗೆ ಕೋರಂಗೆ ಬೇಕಾದಷ್ಟು ಜನವೂ ಬರಲಿಲ್ಲ. ಹುಲಗೆಮ್ಮ ಎಂಬ ಸದಸ್ಯೆ ಕಚೇರಿಗೇ ಬಂದಳು. "ಕೊಟ್ರಪ್ಪಗ ನನ್ನ ಮ್ಯಾಲ ಸಿಟ್ಟು ಬಂದೈತೇನ್ರಿ?"

ಮರುವರ್ಷ ನಾನೇ ಒಂದು ಸಾಲು ಬರೆದೆ. ನಾನೂರು ಜನಕ್ಕೆ ನಾನೂರು ಸಾಲು ಬರೆಯಲು ನನಗೇನು ಕೆಲಸವಿಲ್ಲವೇ? ಒಂದೇ ಸಾಲನ್ನು ಸ್ಟೆನ್ಸಿಲ್ಲಿಗೆ ಹಾಕಿಸಿದೆ: 'ನಿಮ್ಮ ಎಮ್ಮೆ ಕರು ಹಾಕಿತೇ?' ಅದು ನಾನೂರು ಮನೆಗೂ ಹೋಯಿತು. ಟೇಲರ್ ನೂರಸಾಬರು ಕಾರ್ಡು ಹಿಡಿದು ಬಂದರು. "ಸಾಹೇಬ್ರ, ನಮ್ಮ ಮನ್ಯಾಗ ಎಮ್ಮಿ ಇಲ್ರಿ. ಸಂಘದಿಂದ ಬರೂದೈತೇನು?" ನಗಿರಿ, ನಗಿರಿ. ಅಂದು ಕೊಟ್ರಪ್ಪನವರೊಬ್ಬರೇ ನಗಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ಕಡೆಗೆ ಆದೇಶ ಹಿಂದೆ ಪಡೆದೆ, ಬಾಯಿಮಾತಿನಲ್ಲಿ.

ಈ ಸಮಾರಂಭಕ್ಕೂ ಅದೇ ಕಾರ್ಡು ಬಂತು. ಒಕ್ಕಣೆ ನನ್ನದೇ, ಒಂದಕ್ಷರ ಬದಲಾಗಿಲ್ಲ. ನನ್ನ ಹೆಂಡತಿ ಕಳಕಮ್ಮನೂ ಸದಸ್ಯೆ. ಅವಳ ಕಾರ್ಡಿನ ಕೆಳಗೆ, 'ಅಕ್ಕಾರ, ಸಾಹೇಬ್ರಿಗೆ ರಾತ್ರಿ ಕೆಮ್ಮು ಕಡಿಮಿ ಆತೇನು?' ಎಂದಿತ್ತು. ನನ್ನ ಕಾರ್ಡು ತಿರುಗಿಸಿ ನೋಡಿದೆ, ಕನ್ನಡಕ ಒರೆಸಿ ನೋಡಿದೆ. ಕೆಳಗೆ ಏನೂ ಇರಲಿಲ್ಲ. ಲಿಖಿತ ಆದೇಶವನ್ನು ಲಿಖಿತವಾಗಿ ಹಿಂದೆ ಪಡೆದಿರಲಿಲ್ಲವಲ್ಲ. ನನ್ನೊಬ್ಬನ ಮಟ್ಟಿಗೆ ಇವರು ಅದನ್ನು ಇಂದಿಗೂ ಪಾಲಿಸಿದ್ದಾರೆ.

ಕಾರ್ಡು ನನ್ನ ಕಿಸೆಯಲ್ಲೇ ಇದೆ. ಹಾರ ತುರಾಯಿ ನಿಮಗಿರಲಿ, ಕೊಟ್ರಪ್ಪನವರೇ. ಪೆನ್ನು ತೆಗೆಯಿರಿ. ಆದೇಶ ಈ ಸಭೆಯ ಮುಂದೆ ರದ್ದಾಗಿದೆ. ಕೆಮ್ಮಿನ ವಿಷಯವನ್ನು ನನ್ನನ್ನೇ ಕೇಳಿ.

ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ಉಪಕಾರ. ನಮಸ್ಕಾರ.